ಕೇಸ್ ಬರೆಯುವವರು ಯಾರು?

ಎಂಬಿಎ ಕಾಲೇಜುಗಳಲ್ಲಿ ಕೇಸ್ ಸ್ಪರ್ಧೆ ಎಂಬುದೊಂದಿದೆ. ಕಂಪನಿಯೊಂದರ ಸಮಸ್ಯೆಯನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ವಿದ್ಯಾರ್ಥಿ ತಂಡಗಳ ಕೈಗೆ ಕೊಡುತ್ತಾರೆ. ತಂಡದವರು ಅದನ್ನು ಓದಿ, ಚರ್ಚಿಸಿ, ಪರಿಹಾರ ಹುಡುಕಿ, ತೀರ್ಪುಗಾರರ ಮುಂದೆ ಸ್ಲೈಡುಗಳನ್ನಿಟ್ಟು ಕೆಲವೇ ನಿಮಿಷಗಳಲ್ಲಿ ವಾದ ಮಂಡಿಸಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1921ರಲ್ಲಿ ಪಾದರಕ್ಷೆ ಕಂಪನಿಯೊಂದರ ಮೇಲೆ ತನ್ನ ಮೊದಲ ಕೇಸನ್ನು ಬರೆಸಿತು. ಆ ಪಾಠಕ್ರಮ ಲೋಕವನ್ನೆಲ್ಲ ಸುತ್ತಿ ಸ್ಪರ್ಧೆಯ ರೂಪ ತಾಳಿತು. ನಮ್ಮಲ್ಲಿ ಹಿಂದೂಸ್ತಾನ್ ಯೂನಿಲಿವರ್, ಮಹೀಂದ್ರದಂಥ ಕಂಪನಿಗಳು ಪ್ರತಿಷ್ಠಿತ ಕ್ಯಾಂಪಸ್‌ಗಳಿಗೆಂದೇ ಇಂಥ ಸ್ಪರ್ಧೆಗಳನ್ನು ನಡೆಸುತ್ತವೆ. ಅಲ್ಲಿ ಗೆದ್ದರೆ ಬಹುಮಾನದ ಜೊತೆಗೆ ಉದ್ಯೋಗದ ದಾರಿಯೂ ಹತ್ತಿರವಾಗುತ್ತದೆ. ಈಚಿನ ವರ್ಷಗಳಲ್ಲಿ ಇವಕ್ಕೆ ಹೊಸದೊಂದು ವಿಷಯ ಸೇರಿದೆ: ಉದ್ಯಮದಲ್ಲಿ ವೈವಿಧ್ಯ ಮತ್ತು ಒಳಗೊಳ್ಳುವಿಕೆ. ಕಂಪನಿಗಳಲ್ಲಿ ಹೆಣ್ಣುಮಕ್ಕಳು ಮೇಲಿನ ಹುದ್ದೆಗೆ ಏರದಿರುವುದೇಕೆ, ಅಂಗವಿಕಲರಿಗೆ ಕೆಲಸ ಕೊಡುವುದು ಹೇಗೆ, ಲಿಂಗತ್ವ ಅಲ್ಪಸಂಖ್ಯಾತರು ಅಂಜದೆ ದುಡಿಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳನ್ನು ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನವರ ಮುಂದಿಡುತ್ತಾರೆ.

ಈ ಪ್ರಶ್ನೆಗಳು ಕ್ಯಾಂಪಸ್ಸಿನೊಳಗೆ ಬಂದದ್ದು ಒಳ್ಳೆಯದೇ. ನಾಳೆ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ಬಡ್ತಿ ಕೊಡುವ, ಕೆಲಸದಿಂದ ತೆಗೆಯುವ ಅಧಿಕಾರ ಹಿಡಿಯುವವರು ಇವತ್ತೇ ಅವುಗಳಿಗೆ ಮುಖಾಮುಖಿಯಾಗಲಿ. ನನ್ನ ತಕರಾರು ಇರುವುದು ಸ್ಪರ್ಧೆಯ ಕಟ್ಟೋಣದ ಬಗ್ಗೆ. ಹೊರಗುಳಿದವರ ಕುರಿತು ನಡೆಯುವ ಈ ಚರ್ಚೆಯಲ್ಲಿ ಹೊರಗುಳಿದವರೇ ಇರುವುದಿಲ್ಲ. ಕೇಸ್ ಬರೆಯುವವರು, ಬಿಡಿಸುವವರು, ತೀರ್ಪು ಕೊಡುವವರು ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಶಾಲೆ, ಒಂದೇ ಬಗೆಯ ಮನೆಗಳಿಂದ ಬಂದವರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ ಬಳ್ಳಾರಿ ಹೆದ್ದಾರಿಯ ಮೇಲಿರುವ ಬಿ.ಜಿ. ಕೆರೆಯಲ್ಲಿ ನಿಂತು ನೋಡಿದರೆ ಇದು ಇನ್ನೂ ಸ್ಪಷ್ಟ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು, ದಲಿತರು, ಲಿಂಗಾಯತರು, ರೆಡ್ಡಿಗಳು, ಮುಸ್ಲಿಮರು, ನೇಯ್ಗೆ ಕಸುಬಿನ ಹಲವು ಜಾತಿಯವರು ಒಟ್ಟಿಗಿದ್ದಾರೆ. ಎಷ್ಟೋ ಮನೆಗಳೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ. ವೈವಿಧ್ಯ ಎಂದರೇನೆಂದು ಇಲ್ಲಿಯ ಮಕ್ಕಳಿಗೆ ಯಾರೂ ವ್ಯಾಖ್ಯಾನ ಕೊಡಬೇಕಾಗಿಲ್ಲ. ಹಟ್ಟಿಯಿಂದ ನಡೆದು ಬಂದು ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿಗೆ ಹೋಗುವ ಬಿಕಾಂ ವಿದ್ಯಾರ್ಥಿನಿಗೆ, ಉದ್ಯಮ ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ ಎಂಬುದು ಬಾಲ್ಯದಿಂದಲೇ ಗೊತ್ತು. ಆದರೂ ಅವಳು ಆ ಸ್ಪರ್ಧೆಯ ಸಭಾಂಗಣ ತಲುಪುವುದು ಕಷ್ಟ. ಕೇಸು ಇಂಗ್ಲಿಷಿನಲ್ಲಿ, ವಾದ ಇಂಗ್ಲಿಷಿನಲ್ಲಿ, ಪ್ರಶ್ನೋತ್ತರವೂ ಇಂಗ್ಲಿಷಿನಲ್ಲಿ. ಪ್ರತಿಷ್ಠಿತ ಸ್ಪರ್ಧೆಗಳು ಐಐಎಂನಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೇ ಸೀಮಿತ. ಆ ಸಂಸ್ಥೆಗಳ ಪ್ರವೇಶ ಪರೀಕ್ಷೆ ಕ್ಯಾಟ್ ಕೂಡ ಇಂಗ್ಲಿಷಿನಲ್ಲಷ್ಟೇ ನಡೆಯುತ್ತದೆ. ಅಂದರೆ ಒಳಗೊಳ್ಳುವಿಕೆಯ ಚರ್ಚೆ ಶುರುವಾಗುವ ಹೊತ್ತಿಗೆ ಜರಡಿ ಹಿಡಿಯುವ ಕೆಲಸ ಮುಗಿದಿರುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ನಮ್ಮ ಕಂಪನಿಗಳ ವೈವಿಧ್ಯದ ಲೆಕ್ಕದಲ್ಲಿ ಜಾತಿ ಬರುವುದಿಲ್ಲ. ಸೆಬಿ ನಿಯಮದಂತೆ 2022-23ರಿಂದ ದೇಶದ ಮೊದಲ 1000 ಲಿಸ್ಟೆಡ್ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ವರದಿಯನ್ನು ಪ್ರಕಟಿಸಲೇಬೇಕು. ಅದರ ಉದ್ಯೋಗಿ ಕೋಷ್ಟಕದಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಅಂಗವಿಕಲರೆಷ್ಟು ಎಂಬ ಅಂಕಣಗಳಿವೆ. ದಲಿತರೆಷ್ಟು, ಆದಿವಾಸಿಗಳೆಷ್ಟು ಎಂಬ ಅಂಕಣವಿಲ್ಲ. ಲೆಕ್ಕವೇ ಇಲ್ಲದ ಸಂಗತಿಯ ಮೇಲೆ ಯಾರೂ ಕೇಸ್ ಬರೆಯುವುದಿಲ್ಲ. ಬರೆಯದ ಕೇಸನ್ನು ಯಾವ ವಿದ್ಯಾರ್ಥಿಯೂ ಬಿಡಿಸುವುದಿಲ್ಲ.

ಲೆಕ್ಕ ತೆಗೆದವರಿಗೆ ಕಂಡದ್ದು ಕಳವಳಕಾರಿ ಚಿತ್ರ. 2012ರಲ್ಲಿ ಡಿ. ಅಜಿತ್, ಹಾನ್ ಡಾಂಕರ್, ರವಿ ಸಕ್ಸೇನಾ ಎಂಬ ಸಂಶೋಧಕರು ಭಾರತದ ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಪರಿಶೀಲಿಸಿ, ಶೇ 90ಕ್ಕೂ ಹೆಚ್ಚು ಸದಸ್ಯರು ಮೇಲ್ಜಾತಿಗಳವರೆಂದು ತೋರಿಸಿದರು. ಅದಕ್ಕೂ ಮೊದಲು, 2007ರಲ್ಲಿ, ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಸರಳವಾದೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲಿನಷ್ಟು ಇತ್ತು. ಅಭ್ಯರ್ಥಿಯ ಮುಖ ನೋಡಿರಲಿಲ್ಲ, ಮಾತು ಕೇಳಿರಲಿಲ್ಲ. ಹೆಸರೊಂದೇ ಸಾಕಾಯಿತು. ಬೆಂಗಳೂರಿನ ಐಟಿ ಉದ್ಯಮವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕ್ಯಾರಲ್ ಉಪಾಧ್ಯ, ಪ್ರತಿಭೆಯೊಂದನ್ನೇ ನೋಡುತ್ತೇವೆಂದು ಹೇಳಿಕೊಳ್ಳುವ ಆ ಉದ್ಯಮದಲ್ಲಿ ತುಂಬಿರುವವರು ಬಹುಪಾಲು ನಗರದ, ಮಧ್ಯಮ ವರ್ಗದ, ಮೇಲ್ಜಾತಿಯ ಮನೆಗಳವರೆಂದು ಬರೆದಿದ್ದಾರೆ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಅಷ್ಟು ದೂರದ ಊರಿನವರಿಗೆ ಕಂಡದ್ದನ್ನು ಬೆಂಗಳೂರಿನ ಸ್ಪರ್ಧೆಗಳು ಕಾಣದಂತೆ ನಟಿಸುವುದು ನನಗೆ ನೋವಿನ ಸಂಗತಿ.

ಇಂಥ ಸ್ಪರ್ಧೆಗಳಲ್ಲಿ ತಂಡಗಳು ಹೆಚ್ಚಾಗಿ ಒರಗುವುದು ಒಂದೇ ವಾದಕ್ಕೆ: ವೈವಿಧ್ಯವಿದ್ದರೆ ಲಾಭ ಹೆಚ್ಚುತ್ತದೆ. ಮೆಕಿನ್ಸಿ ಸಂಸ್ಥೆ 2015ರಲ್ಲಿ ಹೊರತಂದ ವರದಿ ಈ ವಾದಕ್ಕೆ ಅಂಕಿಅಂಶದ ಬಲ ಕೊಟ್ಟಿತು. ಮೆಕಿನ್ಸಿಯ ಇಂಥ ವರದಿಗಳ ಫಲಿತಾಂಶ ಅಮೆರಿಕದ ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಮತ್ತೆ ಸಿಗುತ್ತದೆಯೇ ಎಂದು ಜೆರೆಮಯ ಗ್ರೀನ್ ಮತ್ತು ಜಾನ್ ಹ್ಯಾಂಡ್ ಎಂಬ ಸಂಶೋಧಕರು ಪರೀಕ್ಷಿಸಿದರು. ಸಿಗಲಿಲ್ಲ ಎಂದು 2024ರಲ್ಲಿ ಬರೆದರು. ಲಾಭ ಹೆಚ್ಚುವುದೋ ಇಲ್ಲವೋ ಎಂಬ ತರ್ಕಕ್ಕೆ ನಾನು ಇಳಿಯುವುದಿಲ್ಲ. ಮನುಷ್ಯರನ್ನು ಸಮಾನವಾಗಿ ಕಾಣಬೇಕೆಂಬ ಮಾತನ್ನು ಲಾಭದ ಮೇಲೆ ನಿಲ್ಲಿಸಿದರೆ ಲಾಭ ಕರಗಿದ ದಿನ ಆ ಮಾತೂ ಬಿದ್ದುಹೋಗುತ್ತದೆ ಎಂಬುದಷ್ಟೇ ನನ್ನ ಆತಂಕ. ಅದು ಕಣ್ಣೆದುರೇ ನಡೆಯಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಸರ್ಕಾರ ಬದಲಾಗುವ ಹೊತ್ತಿಗೇ ಮೆಟಾದಂಥ ಕಂಪನಿಗಳು ತಮ್ಮ ವೈವಿಧ್ಯ ಕಾರ್ಯಕ್ರಮಗಳನ್ನು ಮಡಚಿಟ್ಟವು. ಮುಖ್ಯ ಕಚೇರಿಯ ಗಾಳಿ ಬದಲಾದರೆ ಬೆಂಗಳೂರಿನ ಶಾಖೆಯ ಗಾಳಿ ಬದಲಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಇದನ್ನು ನಮ್ಮದೇ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ನೌಕರಿಯೆಲ್ಲ ಒಂದೇ ಸಮುದಾಯದ ಪಾಲಾಗಿದೆ ಎಂಬ ದೂರು ಆ ಸಮಿತಿಯ ಮುಂದಿತ್ತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು 1919ರಲ್ಲಿ ಸಮಿತಿ ಹೇಳಿತು. ದಕ್ಷತೆ ಕುಸಿಯುತ್ತದೆ ಎಂಬ ಆಕ್ಷೇಪ ಆಗಲೂ ಇತ್ತು. ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ತೊರೆದದ್ದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣವಾಗಿತ್ತು. ಸಂಸ್ಥಾನ ಹಿಂದೆ ಸರಿಯಲಿಲ್ಲ. ಅದೇ ದಾರಿ ದೇವರಾಜ ಅರಸರ ಕಾಲದ ಹಾವನೂರು ಹಿಂದುಳಿದ ವರ್ಗಗಳ ಆಯೋಗಕ್ಕೆ, ಅದರ 1975ರ ವರದಿಗೆ ಬಂದು ಸೇರಿತು. ಖಾಸಗಿ ಉದ್ಯಮದ ಸೀಮೆಗೂ ಈ ಮಾತು ಕಾಲಿಟ್ಟಿದೆ. ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಪಾಲು ಮೀಸಲಿಡುವ ಕಾಯ್ದೆಯನ್ನು ಕರ್ನಾಟಕ ತಂದಿತು. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗಿದ್ದ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಿತು. ವಿದೇಶಿ ಪಠ್ಯಗಳು ಪೂರೈಕೆದಾರರ ವೈವಿಧ್ಯ ಎಂದು ಕಲಿಸುವುದನ್ನು ನಮ್ಮ ವಿಧಾನಸಭೆ ಕಾನೂನನ್ನಾಗಿಯೇ ಮಾಡಿದೆ. ಅದು ಹೇಗೆ ನಡೆಯುತ್ತಿದೆ, ಹೆಸರು ಒಬ್ಬರದು ಕೆಲಸ ಇನ್ನೊಬ್ಬರದು ಎಂಬಂತೆ ಎಲ್ಲಿ ಸೋರುತ್ತಿದೆ, ಮೊದಲ ಬಿಲ್ಲು ಪಾಸಾಗುವವರೆಗೆ ಹೊಸ ಗುತ್ತಿಗೆದಾರ ಬಂಡವಾಳ ಎಲ್ಲಿಂದ ತರುತ್ತಾನೆ: ಇದಕ್ಕಿಂತ ಒಳ್ಳೆಯ ಕೇಸ್ ಯಾವ ವಿದ್ಯಾರ್ಥಿಗೆ ಬೇಕು?

ಬಿ.ಜಿ. ಕೆರೆಯ ಸುತ್ತಮುತ್ತ ಇನ್ನೂ ಎಷ್ಟೋ ಕೇಸುಗಳು ಬರೆಯುವವರಿಲ್ಲದೆ ಬಿದ್ದಿವೆ. ಮೊಳಕಾಲ್ಮುರು ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಸಿಕ್ಕಿದ್ದು ಸೀರೆಗೆ. ನೇಯುವವರ ಮಜೂರಿಗೆ ಅದರಿಂದ ಏನಾಯಿತು? ನೂಲು, ಜರಿ ಕೊಡುವ ಸಾಹುಕಾರ, ಮಗ್ಗದ ಮುಂದೆ ಕೂತ ನೇಕಾರ, ಬೆಂಗಳೂರಿನ ಮಳಿಗೆ, ಇವರ ನಡುವೆ ಒಂದು ಸೀರೆಯ ಬೆಲೆ ಹೇಗೆ ಹಂಚಿಹೋಗುತ್ತದೆ? ಮನೆಯ ಹೆಂಗಸರು ನೂಲು ಬಿಡಿಸುತ್ತಾರೆ, ಕಂಡಿಕೆ ಸುತ್ತುತ್ತಾರೆ, ಎಷ್ಟೋ ಮನೆಗಳಲ್ಲಿ ಮಗ್ಗಕ್ಕೂ ಕೂರುತ್ತಾರೆ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಶೇ 70ಕ್ಕೂ ಹೆಚ್ಚು ಜನ ಮಹಿಳೆಯರು. ಕಂಡಿಕೆ ಸುತ್ತಿದ ಕೈಗೆ ಪ್ರತ್ಯೇಕ ಮಜೂರಿ ಉಂಟೇ? ಸಹಕಾರ ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಮಗ್ಗದ ಸಾಲದ ಕಾಗದಕ್ಕೆ ಸಹಿ ಯಾರದು? ಲಿಸ್ಟೆಡ್ ಕಂಪನಿಯ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದರ ಮೇಲೆ ನೂರು ಸ್ಲೈಡು ಮಾಡುವವರು ಈ ಕಂಡಿಕೆಯ ಲೆಕ್ಕವನ್ನೂ ಮಾಡಲಿ.

ಚಳ್ಳಕೆರೆಯ ಕಂಬಳಿ ಇನ್ನೊಂದು ಕೇಸು. ಕುರಿ ಸಾಕುವವರು, ಉಣ್ಣೆ ಕತ್ತರಿಸುವವರು, ರಾಟೆಯಲ್ಲಿ ನೂಲುವ ಹೆಂಗಸರು, ನೇಯುವ ಗಂಡಸರು, ಹುಣಸೆ ಬೀಜದ ಗಂಜಿ ಹಚ್ಚುವವರು, ಮಾರುವವರು ಎಂದು ಹಲವು ಕೈಗಳ ಸರಪಣಿ ಅದು. ಈ ಸರಪಣಿಯ ಮೊದಲ ಕೊಂಡಿ ಹುಲ್ಲು. ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳ ಹುಲ್ಲು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು. ಡಿಆರ್‌ಡಿಒ ಸಂಸ್ಥೆಯ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಕುರಿ, ದನ ಮೇಯಿಸಿಕೊಂಡಿದ್ದವರು ವಿರೋಧಿಸಿದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಸಂಸ್ಥೆಗಳು ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಕುದಾಪುರದ ಆವರಣದಲ್ಲಿ ಹಳ್ಳಿಶಾಲೆಗಳ ಅಧ್ಯಾಪಕರಿಗೆ ನಡೆಯುವ ತರಬೇತಿ ಬೆಲೆಯುಳ್ಳದ್ದು. ಆದರೆ ಹುಲ್ಲು ಕಳೆದುಕೊಂಡ ಕುರಿಗಾಹಿಯ ಮಗ ಆ ಗೋಡೆಯೊಳಗೆ ಯಾವ ಕೆಲಸಕ್ಕೆ ಅರ್ಹನಾಗುತ್ತಾನೆ, ಅರ್ಹನಾಗಲು ಅವನಿಗೆ ಏನು ಕಲಿಸಬೇಕಿತ್ತು, ಯಾರು ಕಲಿಸಬೇಕಿತ್ತು? ಭೂಮಿ ಕೊಟ್ಟ ದಿನವೇ ಈ ಪ್ರಶ್ನೆಗೆ ಬರಹದಲ್ಲಿ ಉತ್ತರ ಇರಬೇಕಿತ್ತು. ಒಳಗೊಳ್ಳುವಿಕೆಯ ಪ್ರಶ್ನೆ ಇದಕ್ಕಿಂತ ನೇರವಾಗಿ ಎಲ್ಲೂ ಎದುರಾಗಲಾರದು.

ಶೇಂಗಾ ಎಣ್ಣೆ ಮಿಲ್ಲುಗಳ ಕತೆ ಇನ್ನೂ ದೊಡ್ಡದು. ಎಣ್ಣೆಯ ಊರೆಂದು ಹೆಸರಾಗಿದ್ದ ಚಳ್ಳಕೆರೆಯ ಮಿಲ್ಲುಗಳಿಗೆ 1990ರ ದಶಕದ ನಂತರ ಹೊರದೇಶದ ತಾಳೆ ಎಣ್ಣೆಯ ಹೊಡೆತ ಬಿತ್ತು. ಮಿಲ್ಲು ನಿಂತಾಗ ಮಾಲೀಕನಿಗೆ ಆದ ನಷ್ಟದ ಲೆಕ್ಕ ಸಿಗಬಹುದು. ಹಮಾಲರಿಗೆ, ಕಾಯಿ ಹಸನು ಮಾಡುತ್ತಿದ್ದ ಹೆಂಗಸರಿಗೆ ಏನಾಯಿತೆಂಬುದನ್ನು ಅವರ ಮನೆಗಳಿಗೇ ಹೋಗಿ ಕೇಳಬೇಕು.

ಈ ನೆಲಕ್ಕೆ ಇಂಥ ಯೋಚನೆ ಹೊಸದೇನಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಐದು ಕೆರೆ ಕಟ್ಟಿಸಿದರು, ದುಡಿದವರಿಗೆ ದುಡಿದಷ್ಟು ಕೊಟ್ಟರು ಎಂದು ಜನ ನಂಬುತ್ತಾರೆ. ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕೂಲಿ ನ್ಯಾಯದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಯಾವ ಮ್ಯಾನೇಜ್‌ಮೆಂಟ್ ಪಠ್ಯದಲ್ಲೂ ಓದಿಲ್ಲ. ಅದಕ್ಕೂ ಬಹಳ ಹಿಂದೆ ಹೋದರೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಸುವರ್ಣಗಿರಿ ಎಂಬ ಆಡಳಿತ ಕೇಂದ್ರದಿಂದ ಬಂದ ಆ ಆದೇಶದಲ್ಲಿ, ಉನ್ನತಿಯು ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಶ್ರಮಪಟ್ಟರೆ ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬ ಅರ್ಥದ ಮಾತಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತು! ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಜೊತೆಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಹೊಡೆಯುತ್ತದೆ. ಶಾಸನದ ಭಾಷೆ ಪ್ರಾಕೃತ. ಕೆತ್ತಿಸಿದ ಲಿಪಿಕಾರ ಚಪಡ ತನ್ನ ಕೆಲಸದ ಹೆಸರನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಬೆಟ್ಟದ ಕೆಳಗೆ ದನ ಕಾಯುತ್ತಿದ್ದವನ ಮಾತು ಪ್ರಾಕೃತ ಆಗಿರಲಿಕ್ಕಿಲ್ಲ. ಸಣ್ಣವರೂ ಏರಬಲ್ಲರೆಂಬ ಮಾತು ಆ ಸಣ್ಣವರನ್ನು ತಲುಪಲು ಅಧಿಕಾರಿಯೇ ಬಾಯಿಬಿಟ್ಟು ಹೇಳಬೇಕಿತ್ತು. ಒಳಗೊಳ್ಳುವಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಆ ಬೆಟ್ಟದ ಕೊರತೆಯೇ ಮುಂದುವರಿದಿದೆ.

ಕನ್ನಡದಲ್ಲಿ ಸ್ಪರ್ಧೆ ಮಾಡಿದರೆ ಹಳ್ಳಿಯ ಮಕ್ಕಳನ್ನು ಅಲ್ಲಿಗೇ ಕಟ್ಟಿಹಾಕಿದಂತಾಗುತ್ತದೆ, ಅವರಿಗೆ ಬೇಕಾಗಿರುವುದು ಇಂಗ್ಲಿಷ್ ಎಂದು ಕೆಲವರು ಹೇಳುತ್ತಾರೆ. ಇಂಗ್ಲಿಷ್ ಬೇಕು, ನಿಜ. ಅದನ್ನು ಕಲಿಸುವ ಹೊಣೆ ಶಾಲೆ ಕಾಲೇಜುಗಳದ್ದು. ಕಲಿಯುವವರೆಗೆ ಯೋಚಿಸುವ ಹಕ್ಕನ್ನೇ ತಡೆಹಿಡಿಯುವುದು ಯಾವ ನ್ಯಾಯ? ಹಾಸು ಹೊಕ್ಕಿನ ಲೆಕ್ಕ ಗೊತ್ತಿರುವ ಹುಡುಗನಿಗೆ ವೆಚ್ಚದ ಲೆಕ್ಕ ಕನ್ನಡದಲ್ಲಿ ಮೊದಲು ಹೊಳೆಯಲಿ. ಜಾತಿಯ ಮಾತೆತ್ತಿದರೆ ಕಚೇರಿಯಲ್ಲಿ ಒಡಕು ಹುಟ್ಟುತ್ತದೆ ಎಂಬ ಇನ್ನೊಂದು ಆಕ್ಷೇಪವಿದೆ. ಇದರಲ್ಲಿ ಒಂದಿಷ್ಟು ಹುರುಳಿದೆ. ಉದ್ಯೋಗಿಯೊಬ್ಬರ ಜಾತಿಯನ್ನು ಎಲ್ಲರೆದುರು ಕೇಳುವುದು ಅವಮಾನಕ್ಕೆ ದಾರಿಯಾಗುತ್ತದೆ. ಹಾಗಾಗಿ ಲೆಕ್ಕ ಗೋಪ್ಯವಾಗಿರಬೇಕು, ಇಷ್ಟಪಟ್ಟವರು ಹೇಳಿಕೊಳ್ಳುವಂತಿರಬೇಕು, ಒಟ್ಟು ಸಂಖ್ಯೆಯಷ್ಟೇ ಹೊರಗೆ ಬರಬೇಕು. ಅಂಗವೈಕಲ್ಯದ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ, ಆದರೂ ಆ ಲೆಕ್ಕವನ್ನು ಕಂಪನಿಗಳು ಕೊಡುತ್ತಿವೆ. ಉದ್ಯಮ ಸಂಘಟನೆಗಳು 2006ರಲ್ಲೇ ಜೆ.ಜೆ. ಇರಾನಿ ನೇತೃತ್ವದ ಕಾರ್ಯಪಡೆಯ ಮೂಲಕ ಪರಿಶಿಷ್ಟರ ವಿಚಾರದಲ್ಲಿ ತಾವಾಗಿಯೇ ಹೆಜ್ಜೆ ಇಡುತ್ತೇವೆಂದು ಮಾತು ಕೊಟ್ಟಿವೆ. ಕೊಟ್ಟ ಮಾತಿನ ಲೆಕ್ಕ ಕೇಳುವುದರಲ್ಲಿ ಒಡಕಿನ ಪ್ರಶ್ನೆ ಬರುವುದಿಲ್ಲ.

ಕ್ಯಾಂಪಸ್ಸಿನ ನೆಲದಿಂದ ನಿಜವಾದ ಕೆಲಸ ಹುಟ್ಟಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಅಲೀನಾ ಆಲಂ 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆಯನ್ನು ಶುರುಮಾಡಿದರು. 2023ರಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು. ಬೆಂಗಳೂರಿನ ವಿಂಧ್ಯ ಇ-ಇನ್ಫೋಮೀಡಿಯಾ 2006ರಿಂದ ಅಂಗವಿಕಲರಿಗೇ ಬಹುಪಾಲು ಕೆಲಸ ಕೊಟ್ಟು ವ್ಯವಹಾರ ನಡೆಸುತ್ತಿದೆ. ಎರಡೂ ಕಡೆ ಪರಿಹಾರ ಸಿಕ್ಕಿದ್ದು ಜನರ ಜೊತೆಯಲ್ಲಿದ್ದು ಕೆಲಸ ಮಾಡಿದಾಗ.

ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಆ ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಕನ್ನಡದಲ್ಲಿ ಇಂಥ ಸ್ಪರ್ಧೆ ನಡೆಸಲಿ. ಸಿದ್ಧ ಕೇಸನ್ನು ಹಂಚುವ ಬದಲು ಕೇಸ್ ಬರೆಯುವುದನ್ನೇ ಸ್ಪರ್ಧೆಯ ಮೊದಲ ಅರ್ಧವನ್ನಾಗಿ ಮಾಡಲಿ. ತಂಡಗಳು ಮೊಳಕಾಲ್ಮುರಿನ ಮಗ್ಗದ ಮನೆಗೆ, ಚಳ್ಳಕೆರೆಯ ಕಂಬಳಿ ವ್ಯಾಪಾರಿಯ ಬಳಿಗೆ, ಕಾವಲಿನ ಅಂಚಿನ ಹಟ್ಟಿಗೆ ಹೋಗಿ, ಲೆಕ್ಕ ತಂದು, ಬರೆದು, ಆಮೇಲೆ ಪರಿಹಾರ ಹೇಳಲಿ. ಆ ಮನೆಯ ಮಕ್ಕಳು ತಂಡದಲ್ಲಿರಲಿ. ಬೆಂಗಳೂರಿನ ಮ್ಯಾನೇಜರ್ ಒಬ್ಬರು ತೀರ್ಪುಗಾರರಾಗಿ ಬಂದರೆ ಅವರ ಪಕ್ಕದ ಕುರ್ಚಿಯಲ್ಲಿ ಸೀರೆ ನೇಯುವ ಹೆಂಗಸೊಬ್ಬರು ಕೂರಲಿ. ಅಂಕ ಹಾಕುವ ಅಧಿಕಾರ ಇಬ್ಬರಿಗೂ ಸಮನಾಗಿರಲಿ. ಓಡಾಟದ ಖರ್ಚನ್ನು ಸಂಘಟಕರೇ ಕೊಡಲಿ, ಪ್ರವೇಶ ಶುಲ್ಕ ಬೇಡ. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕೆಂದು ಕಾಯ್ದೆಯೇ ಹೇಳುವಾಗ ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ.

ಇದನ್ನು ಓದುತ್ತಿರುವವರಲ್ಲಿ ಕಾಲೇಜು ಅಧ್ಯಾಪಕರಿದ್ದೀರಿ, ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವವರಿದ್ದೀರಿ, ಇಂಥ ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಹೋಗುವವರೂ ಇದ್ದೀರಿ. ಮುಂದಿನ ಸಲ ಆಹ್ವಾನ ಬಂದಾಗ, ಒಪ್ಪುವ ಮುಂಚೆ ಸಂಘಟಕರನ್ನು ಎರಡು ಪ್ರಶ್ನೆ ಕೇಳಿ: ಈ ಕೇಸಿನಲ್ಲಿ ಜಾತಿಯ ಮಾತಿದೆಯೇ? ಕನ್ನಡದಲ್ಲಿ ವಾದಿಸಲು ಅವಕಾಶವಿದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಆಗುವಂತೆ ಮಾಡಿ ಎಂದು ಹಟ ಹಿಡಿಯಿರಿ.